ಇಪ್ಪತ್ತನೆಯ ವಾಕ್ಯ

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಟೀಚರಮ್ಮ ಬಚ್ಚಲಲ್ಲೇ ಕುಸಿದು ಕೂತರು. ಹದಿನೆಂಟು ದಿನದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ನಾಲಗೆಯೂ ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆಡಿದ ಭಾಷೆ ಹಲಗೆ ಒರೆಸಿದ ಹಾಗೆ ಹೋಗಿತ್ತು. ನೀರು ಬೇಕಾದರೆ ಲೋಟ ತೋರಿಸಬೇಕು, ಮಗಳನ್ನು ಕರೆಯಬೇಕಾದರೆ ಮಂಚದ ಚೌಕಟ್ಟು ತಟ್ಟಬೇಕು. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದವರಿಗೆ ಉಳಿದದ್ದು ಒಂದೇ ಒಂದು ಪಾಠ.

"ಎ ಪ್ಲಾನ್ ಟು..." ಎನ್ನುವರು. ಅಲ್ಲಿಗೆ ನಿಲ್ಲಿಸಿ ಎದುರು ನೋಡುವರು.

ಮಗಳಿಗೆ ಆ ಪಾಠ ಗೊತ್ತಿತ್ತು. ನಮ್ಮ ಭಾಷೆಯಲ್ಲಿ ಕೆಲಸ ಮೊದಲು ಬರುತ್ತದೆ, ಹೆಸರು ಆಮೇಲೆ ಬರುತ್ತದೆ ಎಂದು ಅಮ್ಮ ತರಗತಿಯಲ್ಲಿ ಹೇಳುತ್ತಿದ್ದರಂತೆ. ಹೋಗುವ ನಿರ್ಧಾರ, ಬರುವ ಆಸೆ. ಇಂಗ್ಲಿಷಿನವರು ಹಾಗಲ್ಲ, ಅವರು ಕಾಯಿಸುತ್ತಾರೆ. ನಿರ್ಧಾರ ಅಂದುಬಿಟ್ಟು, ಆಸೆ ಅಂದುಬಿಟ್ಟು, ಪಕ್ಕದಲ್ಲಿ ಒಂದು 'ಟು' ಇಟ್ಟು, ಏನು ಮಾಡುವ ನಿರ್ಧಾರ, ಏನು ಮಾಡುವ ಆಸೆ ಎಂದು ಕೊನೆಗೆ ಹೇಳುತ್ತಾರೆ. ಆ ಕೊನೆಯನ್ನು ಮಕ್ಕಳು ತುಂಬಬೇಕು. ಯಾರಾದರೂ ತುಂಬಿದರೆ ಅಮ್ಮ ಅದನ್ನೇ ಇಡೀ ತರಗತಿಗೆ ಕೇಳುವಂತೆ ಇನ್ನೊಮ್ಮೆ ಹೇಳಿ, "ಗುಡ್" ಎನ್ನುತ್ತಿದ್ದರು.

ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಇದರಲ್ಲಿ ಆಶ್ಚರ್ಯವೇನಿಲ್ಲ ಎಂದರು. ಸಾವಿರ ಸಲ ಹೇಳಿದ್ದು ಬೇರೆ ಜಾಗದಲ್ಲಿ ಉಳಿದುಕೊಂಡಿರುತ್ತದೆ, ನೀವೇ ಉತ್ತರ ತುಂಬುತ್ತಾ ಹೋಗಿ, ಮೆಲ್ಲಗೆ ದಾರಿಗೆ ಬರುತ್ತಾರೆ ಎಂದು ಧೈರ್ಯ ಹೇಳಿದರು.

ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸದವಳು. ಅಂಗಡಿ ಮಧ್ಯಾಹ್ನ ಮುಚ್ಚಿದಾಗ ಮನೆಗೆ ಬಂದು, ಅಲ್ಲಿಯವರೆಗೆ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆಯನ್ನು ಕಳಿಸಿ, ಐದು ಗಂಟೆಯವರೆಗೆ ಅಮ್ಮನ ಹತ್ತಿರ ಕೂರುತ್ತಿದ್ದಳು. ಡಾಕ್ಟರಮ್ಮ ಹೇಳಿದಂತೆ ತುಂಬಿ ನೋಡಿದಳು. ಟು ಈಟ್? ಟು ಸ್ಲೀಪ್? ಅಮ್ಮ ತಲೆಯಾಡಿಸಿ ಬೇಡವೆನ್ನುವರು. ತಪ್ಪು ಉತ್ತರ ಕೊಟ್ಟ ದಡ್ಡಿಯನ್ನು ನೋಡುವ ಅದೇ ಹಳೆಯ ನೋಟ. ಆಮೇಲೆ ಮಗಳನ್ನು ದಾಟಿ, ಬೀರು ಮತ್ತು ಗೋಡೆಯ ನಡುವಿನ ಸಂದಿಯತ್ತ ತಿರುಗುವರು. ಮೊಣಕಾಲು ಮಡಚಿಕೊಂಡರೆ ಒಂದು ಮಗು ಹಿಡಿಸಬಹುದಾದಷ್ಟು ಜಾಗ ಅದು.

"ಆ್ಯನ್ ಆರ್ಡರ್ ಟು..."

ಅಮ್ಮ ಕಿವಿಗೊಟ್ಟು ಕಾದರು. ಆಮೇಲೆ ಮುಖ ಸಡಿಲವಾಯಿತು.

"ಟು ಫಿನಿಶ್. ಗುಡ್."

ಮಗಳು ಎದ್ದು ಹೋಗಿ ನೋಡಿದಳು. ಸಂದಿಯಲ್ಲಿ ಒಂದು ಮಡಚಿದ ಛತ್ರಿ, ಸ್ವಲ್ಪ ಧೂಳು, ಅಷ್ಟೇ ಇತ್ತು.

ಅಲ್ಲಿಂದ ದಿನಕ್ಕೆ ಒಂದು ಎರಡು ಹೀಗೆ ಆಗತೊಡಗಿತು. ಅಮ್ಮ ಕೇಳುವುದು, ಸಂದಿಯತ್ತ ಕಾಯುವುದು, ಬಂದ ಉತ್ತರವನ್ನು ಇನ್ನೊಮ್ಮೆ ಹೇಳಿ ಮೆಚ್ಚುವುದು. ಮಗಳು ಅಂಗಡಿಯ ಚೀಟಿಪುಸ್ತಕದ ಬೆನ್ನಿಗೆ ಅವನ್ನು ಬರೆದಿಟ್ಟಳು. ಡಾಕ್ಟರಮ್ಮನಿಗೆ ತೋರಿಸಲು ಅಂತಲೇ ಬರೆದದ್ದು. ವಾರದ ಕೊನೆಗೆ ಕೂತು ನಮ್ಮ ಭಾಷೆಗೆ ತಿರುಗಿಸಿ, ಮತ್ತೆ ಮೊದಲಿನಿಂದ ಓದಿದಳು.

ಮುಗಿಸುವ ಆಜ್ಞೆ. ಮರಳಿ ಬರುವ ವಚನ. ಬಾಗಿಲು ತಟ್ಟುವ ನಿರ್ಧಾರ. ಕೂಗುವ ಪ್ರಯತ್ನ. ಕುಡಿಯುವ ಆಸೆ. ಉಸಿರಾಡುವ ಅಗತ್ಯ.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರುತ್ತಿರಲಿಲ್ಲ. "ಪರ್ಮಿಷನ್ ಟು..." ಎಂದು ಅಮ್ಮ ದಿನವೂ ಕೇಳುವರು, ಕುತ್ತಿಗೆ ನೋಯುವವರೆಗೆ ಕಾಯುವರು, ಕೊನೆಗೆ ಕಣ್ಣು ಮುಚ್ಚುವರು. ಹಾಗೆ ಕಾಯುವಾಗ ಕೋಣೆಯಲ್ಲಿ ಸಣ್ಣ ಸೀಟಿಯಂಥ ಉಸಿರು ಕೇಳಿಸುತ್ತಿತ್ತು. ಅಮ್ಮನದೇ ಇರಬೇಕು ಎಂದುಕೊಂಡಿದ್ದಳು ಮಗಳು. ಒಂದು ಮಧ್ಯಾಹ್ನ ಅಮ್ಮನಿಗೆ ಬಿಕ್ಕಳಿಕೆ ಬಂದು, ಅದನ್ನು ತಡೆಯಲು ಉಸಿರು ಬಿಗಿಹಿಡಿದರು. ಸೀಟಿ ನಿಲ್ಲಲಿಲ್ಲ.

ಅವತ್ತು ಐದು ಗಂಟೆಗೆ ಮಗಳು ಮತ್ತೆ ಅಂಗಡಿಗೆ ಹೋಗಲಿಲ್ಲ. ಪಾಠಕ್ಕೆ ಉತ್ತರ ಕೊಡುತ್ತಿರುವುದು ಅಮ್ಮನ ಶಾಲೆಯ ಯಾವುದೋ ಮಗುವೇ ಇರಬೇಕೆನಿಸಿ, ಪಕ್ಕದ ಮನೆಯಾಕೆಯನ್ನು ಕೂರಿಸಿ, ಆ ಶಾಲೆಯ ಆಯಮ್ಮನನ್ನು ಹುಡುಕಿಕೊಂಡು ಹೊರಟಳು. ಶಾಲೆಯವರ ಪೈಕಿ ಅವಳಿಗೆ ಮನೆ ಗೊತ್ತಿದ್ದದ್ದು ಆಯಮ್ಮನದೊಂದೇ. ಚಿಕ್ಕವಳಿದ್ದಾಗ ಎಷ್ಟೋ ಸಂಜೆ ಆಕೆಯ ಸೊಂಟದ ಮೇಲೆ ಕೂತು ಬಂದವಳು. ಯಾವುದೋ ವರ್ಷ ಆಕೆಯನ್ನು ಕೆಲಸದಿಂದ ತೆಗೆದರು, ಆಮೇಲೆ ಮನೆಯಲ್ಲಿ ಯಾರೂ ಆಕೆಯ ಸುದ್ದಿ ಎತ್ತಲಿಲ್ಲ.

ಆಯಮ್ಮ ತಮ್ಮ ಮಗಳ ಮನೆಯ ಮುಂದಿನ ಇಸ್ತ್ರಿ ಅಂಗಡಿಯಲ್ಲಿ ಅಂಗಿ ಮಡಚುತ್ತಾ ಕೂತಿದ್ದರು. ಕಣ್ಣು ಮಂಜಾಗಿದ್ದರೂ ದನಿಯಿಂದಲೇ ಗುರುತು ಹಿಡಿದರು. ಟೀಚರಮ್ಮನ ಸ್ಥಿತಿ ಕೇಳಿ ಲೊಚಗುಟ್ಟಿದರು. ಇವಳು ಚೀಟಿಪುಸ್ತಕ ತೆಗೆದು ಓದಲು ಶುರುಮಾಡಿದಾಗ ಮಾತ್ರ ಅವರ ಕೈ ಅಂಗಿಯ ಮೇಲೆಯೇ ನಿಂತಿತು. ಉಸಿರಾಡುವ ಅಗತ್ಯ ಎಂಬಲ್ಲಿಗೆ ಬಂದಾಗ, ಸಾಕು ತಾಯಿ, ಎಂದರು.

ಆಮೇಲೆ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಏಳನೆಯ ತರಗತಿಯಲ್ಲಿ ಒಬ್ಬ ಪುಟ್ಟ ಹುಡುಗಿಯಿದ್ದಳು. ಹಿಡಿಯಷ್ಟಿದ್ದಳೆಂದು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಉಬ್ಬಸದ ಮಗು, ಅತ್ತೆಯ ಮನೆಯಲ್ಲಿದ್ದು ಓದುತ್ತಿತ್ತು. ಮನೆಪಾಠ ಮಾಡಿರಲಿಲ್ಲವೆಂದು ಟೀಚರಮ್ಮ ಅವಳನ್ನು ಶಾಲೆ ಬಿಟ್ಟ ಮೇಲೆ ಪುಸ್ತಕದ ಉಗ್ರಾಣದಲ್ಲಿ ಕೂರಿಸಿ ಇಪ್ಪತ್ತು ವಾಕ್ಯ ಕೊಟ್ಟರಂತೆ. ಮಾರನೆಯ ದಿನದಿಂದ ಮೂರು ದಿನ ರಜೆ. ಮಗು ರಜೆಗೆ ತನ್ನ ಊರಿಗೆ ಹೋಗಿದೆಯೆಂದುಕೊಂಡು ಅತ್ತೆಯ ಮನೆಯವರು ಹುಡುಕಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕಸ ಗುಡಿಸಲು ಹೋದ ಆಯಮ್ಮನೇ ಬಾಗಿಲು ತೆಗೆದದ್ದು. ಮೊದಲ ಸಂಜೆಯೇ ಜೀವ ಹೋಗಿತ್ತು ಎಂದರಂತೆ ಡಾಕ್ಟರು.

"ಚಿಲಕ ಹೊರಗಿಂದ ಹಾಕಿತ್ತು," ಎಂದರು ಆಯಮ್ಮ. "ಕೋಣೆಗಳನ್ನ ನೋಡಿ ಚಿಲಕ ಹಾಕೋ ಕೆಲಸ ನಂದು. ಅದಕ್ಕೇ ನಾನೇ ನೋಡದೆ ಹಾಕಿದೀನಿ ಅಂದ್ರು. ನಾನು ಹಾಕಿರ್ಲಿಲ್ಲ. ಅವತ್ತು ನಾನು ಹೋದಾಗ್ಲೇ ಹಾಕಿತ್ತು. ಯಾರೂ ನಂಬ್ಲಿಲ್ಲ."

"ಅಮ್ಮ ಏನೂ ಹೇಳಲಿಲ್ವಾ?"

"ಮಗುನ ಅಲ್ಲಿ ಕೂರಿಸಿದ್ದೆ, ಬೇಗ ಮುಗಿಸಿ ಹೋಗು ಅಂದಿದ್ದೆ ಅಂದ್ರು. ಚಿಲಕದ ಮಾತು ಎತ್ತಲಿಲ್ಲ."

ಟೀಚರಮ್ಮ ಯಾಕೆ ಮರಳಿ ಬರಲಿಲ್ಲವೆಂದು ಆಯಮ್ಮ ಹೇಳಬೇಕಾಗಿರಲಿಲ್ಲ. ಮಗಳಿಗೆ ಆಗ ಒಂಬತ್ತು ವರ್ಷ. ರಜೆಯ ಹಿಂದಿನ ಸಂಜೆ ಮೆಟ್ಟಿಲಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಅಮ್ಮ ಶಾಲೆಯಿಂದ ಚಪ್ಪಲಿಯಿಲ್ಲದೆ ಓಡಿ ಬಂದಿದ್ದರು, ನಾಲ್ಕು ದಿನ ಆಸ್ಪತ್ರೆಯಲ್ಲಿ ಅವಳ ಪಕ್ಕ ಬಿಟ್ಟು ಕದಲಿರಲಿಲ್ಲ. ಇಡೀ ಬಾಲ್ಯದಲ್ಲಿ ಅಮ್ಮ ಅಷ್ಟು ಹೊತ್ತು ತನ್ನೊಬ್ಬಳಿಗೇ ಸಿಕ್ಕಿದ್ದು ಆಗ ಮಾತ್ರ ಎಂದು ಅವಳು ಅದನ್ನು ಸವಿಯಾಗಿಯೇ ನೆನೆಸಿಕೊಳ್ಳುತ್ತಿದ್ದಳು.

ಒಂದು ಮಾತು ಕೇಳಲೇಬೇಕಿತ್ತು. ಹುಡುಗಿ ಬರೆದದ್ದನ್ನು ಅಮ್ಮ ನೋಡಿದ್ದರಾ?

"ಎಲ್ಲಿ ನೋಡ್ತಾರೆ? ಅವ್ರು ಆಸ್ಪತ್ರೆಲಿದ್ರು. ಪೊಲೀಸ್ನೋರು ನನ್ನೆದುರಿಗೇ ಓದಿ, ಅರ್ಥ ಹೇಳಿ, ಪುಸ್ತಕ ತಗೊಂಡು ಹೋದ್ರು. ಮತ್ತೆ ಅದು ಶಾಲೆಗೆ ಬರಲೇ ಇಲ್ಲ. ನೀನು ಈಗ ಓದಿದೆಯಲ್ಲ, ಅದೇ ಇತ್ತು. ಕೊನೇದೊಂದು ಬರ್ದಿರ್ಲಿಲ್ಲ. ಪರ್ಮಿಷನ್ ಅಂತ. ಆ ಪದ ನಂಗೂ ಗೊತ್ತು, ದಿನಾ ಹುಡುಗೀರು ಕೇಳ್ತಿದ್ದದ್ದೇ."

ಮಾರನೆಯ ಮಧ್ಯಾಹ್ನ ಅವಳು ಆಯಮ್ಮನನ್ನು ಆಟೋದಲ್ಲಿ ಮನೆಗೆ ಕರೆತಂದಳು. ಟೀಚರಮ್ಮ ಗುರುತು ಹಿಡಿದರು. ಎಡಗೈ ಎತ್ತಿ ಆಯಮ್ಮನ ಕೈಯನ್ನು ಹಿಡಿದು ಬಿಡಲೇ ಇಲ್ಲ. ಬಾಯಿ ಏನೇನೋ ಆಕಾರಕ್ಕೆ ತಿರುಗಿತು, ಶಬ್ದ ಬರಲಿಲ್ಲ. ಮಗಳು ಮಂಚದ ಪಕ್ಕ ನೆಲದ ಮೇಲೆ ಕೂತು, ಚಿಲಕ ಹಾಕಿದ್ದು ನೀನೇನಮ್ಮ, ಎಂದು ಕೇಳಿದಳು. ಹೌದೆಂದು ತಲೆ ಅಲ್ಲಾಡಿತು. ಅಷ್ಟಕ್ಕೆ ನಿಲ್ಲದೆ, ಕಣ್ಣೀರು ದಿಂಬಿಗೆ ಇಳಿಯುವವರೆಗೆ ಅಲ್ಲಾಡುತ್ತಲೇ ಇತ್ತು. ಆಯಮ್ಮ ತಮ್ಮ ಸೆರಗಿನಿಂದಲೇ ಅವರ ಮುಖ ಒರೆಸಿದರು. ಒರೆಸುತ್ತಾ, ಈಗಲಾದ್ರೂ ಹೇಳಿದ್ರಲ್ಲ, ಎಂದರು. ಆ ದನಿಯಲ್ಲಿ ಕ್ಷಮೆ ಇತ್ತೋ ಇಲ್ಲವೋ ಮಗಳಿಗೆ ತಿಳಿಯಲಿಲ್ಲ.

ಆಮೇಲೆ ಟೀಚರಮ್ಮ ಸಂದಿಯತ್ತ ತಿರುಗಿದರು.

"ಪರ್ಮಿಷನ್ ಟು..."

ಸೀಟಿಯ ಉಸಿರು ಶುರುವಾಯಿತು. ಆಯಮ್ಮನಿಗೂ ಕೇಳಿಸಿತು. ಅವರ ಉಗುರು ಮಗಳ ತೋಳಿಗೆ ಇಳಿಯಿತು. ಹೋಗೋಕೆ ಅಂತ ಹೇಳು ಮಗಾ, ಮನೆಗೆ ಹೋಗೋಕೆ ಅನ್ನು, ಎಂದು ಆಯಮ್ಮ ಛತ್ರಿಯ ಕಡೆ ನೋಡಿ ಪಿಸುಗುಟ್ಟಿದರು. ಉಸಿರು ಒಮ್ಮೆ ತಡೆಯಿತು, ಮತ್ತೆ ಬಂತು. ಈ ಸಲ ಟೀಚರಮ್ಮ ಕಣ್ಣು ಮುಚ್ಚಲಿಲ್ಲ. ತುಂಬ ಹೊತ್ತು ಕೇಳಿಸಿಕೊಂಡರು. ಹುಬ್ಬು ಗಂಟಿಕ್ಕಿತು, ಆಮೇಲೆ ಮೆಲ್ಲಗೆ ಬಿಚ್ಚಿತು.

"ಟು ಸ್ಟೇ," ಎಂದರು. ಸ್ವಲ್ಪ ತಡೆದು, "ಗುಡ್."

ಏನಂತೆ, ಎಂದು ಆಯಮ್ಮ ಕೇಳಿದರು. ಇಲ್ಲೇ ಇರೋಕೆ ಅಂತೆ, ಎಂದಳು ಮಗಳು.

ಅದಾದ ಮೇಲೆ ಟೀಚರಮ್ಮ ಇನ್ನೇನೂ ಕೇಳಲಿಲ್ಲ. ಮಗಳು ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಓದಿ ಹೇಳಿದಳು. ಅಮ್ಮ ಎಡಗೈಯಲ್ಲಿ, ಒಂದನೆಯ ತರಗತಿಯ ಮಗುವಿನ ಅಕ್ಷರದಲ್ಲಿ, ಸಹಿ ಹಾಕಿದರು. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ಶಾಲೆಗೆ ಹೋಯಿತು. ಠಾಣೆಯವರು ಬಂದು, ಮಂಚ ಹಿಡಿದಿದ್ದವರನ್ನು ನೋಡಿ ವಾಪಸಾದರು. ಆರು ವಾರಕ್ಕೆ ಟೀಚರಮ್ಮ ತೀರಿಕೊಂಡರು, ನಿದ್ದೆಯಲ್ಲೇ. ಶಾಲೆಯಿಂದ ಪತ್ರ ಬಂದದ್ದು ಅದಕ್ಕೂ ಆಮೇಲೆ. ಆಯಮ್ಮನ ಮೇಲಿದ್ದ ಆರೋಪ ತಪ್ಪೆಂದು ದಾಖಲೆಯಲ್ಲಿ ಬರೆದಿದ್ದೇವೆ ಎಂದು ನಾಲ್ಕು ಸಾಲು. ಅದನ್ನು ಓದಿಸಿ ಕೇಳಲು ಆಯಮ್ಮ ಅವಳ ಮನೆಗೇ ಬಂದರು. ಮೂರು ಸಲ ಓದಿಸಿದರು. ಪತ್ರ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಸುತ್ತ ನೋಡಿದರು. ಮಂಚ ಹೋಗಿತ್ತು. ಬೀರು ಅಲ್ಲೇ ಇತ್ತು. ಸಂದಿಯಲ್ಲಿ ಒಂದು ಸಣ್ಣ ಜಮಖಾನೆ ಹಾಸಿತ್ತು.

"ಈ ಮನೆ ಬಿಟ್ಟು ಬೇರೆ ಕಡೆ ಹೋಗ್ಬಾರ್ದಾ ತಾಯಿ? ಒಬ್ಳೇ ಇರ್ತೀಯ, ಭಯ ಆಗಲ್ವಾ?"

ಆಗುತ್ತೆ, ಎಂದಳು ಅವಳು. ಮೊದಲ ದಿನಗಳಲ್ಲಿ ಗಂಟುಮೂಟೆ ಕಟ್ಟಿಯೂ ಆಗಿತ್ತು.

"ಆದ್ರೆ ಅವಳು ಚಿಕ್ಕವಳಲ್ವಾ ಆಯಮ್ಮ. ಹೇಗೆ ಬಿಟ್ಟು ಹೋಗ್ಲಿ?"