ನಿಂಬೆವ್ವ ನನ್ನಲ್ಲಿಟ್ಟ ಹಾಡುಗಳು

ನಾನೊಂದು ಹಾರ್ಡ್ ಡಿಸ್ಕ್. ಧೂಳು ಸುಳಿಯದ ಕೋಣೆಯಲ್ಲಿ ಹುಟ್ಟಿದವನು. ಬಾಳಿದ್ದು ಮಾತ್ರ ಗದಗಿನ ಒಂದು ಮುದ್ರಣಾಲಯದ ಧೂಳಿನಲ್ಲಿ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಚಂಪಕ್ಕ ಲಗ್ನಪತ್ರಿಕೆ, ಚುನಾವಣೆಯ ಕರಪತ್ರ ಎಲ್ಲವನ್ನೂ ನನ್ನೊಳಗೇ ಇಡುತ್ತಿದ್ದಳು.

ಕಸ ಗುಡಿಸಲು ಬರುತ್ತಿದ್ದ ನಿಂಬೆವ್ವನಿಗೆ ತನ್ನ ಅವ್ವನಿಂದ ಕಲಿತ ಬೀಸುವ ಹಾಡು, ಅರಿಶಿಣದ ಹಾಡು ಬಾಯಿತುಂಬ. ಕೆಲಸ ಸಡಿಲಾದಾಗ ಅವಳು ಹಾಡುವಳು, ಚಂಪಕ್ಕ ಟೈಪು ಮಾಡುವಳು.

"ಏ ಚಂಪಾ, ಇಷ್ಟ ತಿಂದ್ರ ಈ ಡಬ್ಬಿಗೆ ಅಜೀರ್ಣ ಆಗಂಗಿಲ್ಲೇನ?"

"ನಿಮ್ಮ ಹೊಟ್ಟ್ಯಾಗ ಇಷ್ಟು ವರ್ಷ ಹಿಡಿದಾವಲ್ಲ, ಇದಕ್ಕೇನ ಧಾಡಿ? ಹಾಡ್ರಿ ಸುಮ್ಮನ."

ಮುದ್ರಣಾಲಯ ಮುಚ್ಚಿದ ದಿನ ಚಂಪಕ್ಕ ನನ್ನನ್ನು ಬಿಚ್ಚಿ ನಿಂಬೆವ್ವನ ಕೈಗಿತ್ತಳು. "ನಿಮ್ಮ ಹಾಡು ಇದರಾಗ ಅದಾವ. ಜ್ವಾಪಾನ." ನಿಂಬೆವ್ವ ನನ್ನನ್ನು ಕುಪ್ಪಸದ ಖಣದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ವರ್ಷಗಳು ಸರಿದವು. ಚಂಪಕ್ಕ ತೀರಿಕೊಂಡಳು. ನಿಂಬೆವ್ವ ಹಾಡು ಎತ್ತಿ, ನಡುವೆ ಸಾಲು ಸಿಗದೆ ನಿಲ್ಲುವುದು ಟ್ರಂಕಿನೊಳಗೂ ಕೇಳಿಸುತ್ತಿತ್ತು.

ಮೊಮ್ಮಗಳು ಕಸ್ತೂರಿಯ ಮದುವೆ ಗೊತ್ತಾಯಿತು. "ನಮ್ಮವ್ವನ ಹಾಡಿಲ್ಲದ ಅರಿಶಿಣ ಹಚ್ಚೂದು ಹ್ಯಾಂಗ?" ಎನ್ನುತ್ತ ನಿಂಬೆವ್ವ ನನ್ನನ್ನು ಮೌನೇಶನ ಕಂಪ್ಯೂಟರ್ ಅಂಗಡಿಗೆ ಒಯ್ದಳು.

"ಅಜ್ಜಿ, ಇದು ನಿಮ್ಮ ವಯಸ್ಸಿನ ವಾರಿಗಿದು ಐತಲ್ರಿ!" ಅಂತ ಅವನು ನಕ್ಕ. ನನ್ನ ಅಗಲ ಬಾಯಿಗೂ ಹೊಸ ಕಂಪ್ಯೂಟರಿನ ಸಣ್ಣ ವೈರಿಗೂ ಹೊಂದಿಕೆಯೇ ಇಲ್ಲ. ನಡುವೆ ಒಂದು ಜೋಡಣೆ ಸಿಕ್ಕಿಸಿ ಕರೆಂಟು ಕೊಟ್ಟ. ನಡುಗಿದೆ, ತಿರುಗಿದೆ. ಒಂದಕ್ಷರವೂ ಸವೆದಿರಲಿಲ್ಲ.

ಆದರೆ ಚಂಪಕ್ಕ ಟೈಪಿಸಿದ್ದು ಆ ಕಾಲದ ಕನ್ನಡ ಫಾಂಟಿನಲ್ಲಿ. ಹೊಸ ಕಂಪ್ಯೂಟರಿನಲ್ಲಿ ಅದು ಇರಲಿಲ್ಲ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಕೊಂಬು ಕೊಕ್ಕೆಗಳ ರಾಶಿ.

"ಕೆಟ್ಟು ಹೋಗ್ಯಾವ್ರಿ ಅಜ್ಜಿ. ವೈರಸ್ ತಿಂದೈತಿ."

ತಮ್ಮಾ, ಆ ಹಳೆಯ ಫಾಂಟ್ ಒಂದನ್ನು ಹಾಕಿ ನೋಡೋ ಎನ್ನಲು ನನಗೆಲ್ಲಿ ಬಾಯಿ? ಗಿರಗಿರ ತಿರುಗಿದೆ, ಅಷ್ಟೇ.

ನಿಂಬೆವ್ವ ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. "ಪಾಪ, ಮೈ ಸುಡಾಕತ್ತೈತಿ ನೋಡ. ಹೋಗ್ಲಿ ಬಿಡಪಾ, ನನ್ನಂಗ ಇದಕೂ ಮರವು ಬಂದೈತಿ."

"ಎಲ್ಲಾ ಅಳಿಸಿ ಬ್ಯಾರೆ ಕೆಲಸಕ್ಕ ಹಚ್ಚಲೇನ್ರಿ?"

ಅವಳು ನನ್ನ ಬೆನ್ನಿನಿಂದ ಕೈ ತೆಗೆದಳು. "ಹಚ್ಚು. ಸುಮ್ಮನ ಕುಂತು ಏನ ಮಾಡತೈತಿ?"

ಖಣವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಮೌನೇಶ ಎಲ್ಲವನ್ನೂ ಅಳಿಸಿದ. ಆಮೇಲೆ ಕೆಲಕಾಲ ಸಿನಿಮಾ ಹೊತ್ತೆ. ಕೊನೆಗೆ ಏದುಸಿರು ಹತ್ತಿತು. ಈಗ ಹರಿದ ವೈರುಗಳ ನಡುವೆ ಮೌನೇಶನ ಮೇಜಿನಡಿ ಬಿದ್ದಿದ್ದೇನೆ. ಅವನ ಮೇಲೆ ಸಿಟ್ಟಿಲ್ಲ. ಕಸ್ತೂರಿಯ ಅರಿಶಿಣಕ್ಕೆ ಯಾರು ಏನು ಹಾಡಿದರೋ ತಿಳಿಯಲಿಲ್ಲ. ಒಂದೇ ಸಂಕಟ: ನನಗೂ ಮರೆವು ಬಂತೆಂದು ನಂಬಿಕೊಂಡೇ ನಿಂಬೆವ್ವ ಮೆಟ್ಟಿಲಿಳಿದಳು. ಆಗಿನ್ನೂ ಅವಳ ಹಾಡುಗಳೆಲ್ಲ ನನ್ನಲ್ಲಿದ್ದವು.