ಗೆಜ್ಜೆ ನಿಂತ ಮೇಲೆ

ಮಗನ ಮದುವೆ ಹತ್ತಿರ ಬಂದಾಗ ನಮ್ಮ ಯಜಮಾನರು ಮನೆದೇವರ ಕತ್ತಿಯನ್ನು ನಂಜನಗೂಡಿಗೆ ಒಯ್ದು ಸಾಣೆ ಹಿಡಿಸಿಕೊಂಡು ಬಂದರು. ವೀರಗಾಸೆ ಕುಣಿಯುವ ಕತ್ತಿಗೆ ಯಾರಾದರೂ ಸಾಣೆ ಹಿಡಿಸುತ್ತಾರೆಯೇ? ಅದು ಇರುವುದು ಬೀಸುವುದಕ್ಕೆ, ಕೊಯ್ಯುವುದಕ್ಕಲ್ಲ. ಹೆಬ್ಬೆರಳಿನಲ್ಲಿ ಅಲಗು ಸವರಿ ನೋಡಿ, ನಡುಮನೆಯಲ್ಲಿ ನಿಂತು, ನನಗೆ ಕೇಳಲೆಂದೇ ಹೇಳಿದರು.

"ಅವ್ಳೇನಾದ್ರೂ ಮದ್ವೆಗೆ ಕಾಲಿಟ್ರೆ ಅಲ್ಲೇ ಎರಡು ಓಳು ಮಾಡ್ಬುಡ್ತೀನಿ. ನೀನು ಕರುದೆ ಅಂತ ಗೊತ್ತಾದ್ರೆ ಮೊದ್ಲು ನಿನ್ನ."

ಅವಳು ಅಂದರೆ ನಮ್ಮ ಮಗಳು ತೇಜಸ್ವಿನಿ. ಹೋದ ವರ್ಷ ಟಿ. ನರಸೀಪುರದ ರವಿಯನ್ನು ರಿಜಿಸ್ಟರ್ ಮದುವೆಯಾಗಿ ಹೋದಳು. ರವಿ ಬಸ್ ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹುಡುಗ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ. ಆದರೆ ನಾವು ಲಿಂಗಾಯತರು, ಅವನು ಎಸ್ಸಿ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ. ಬಿಳಿಗೆರೆ ಕಡೆಯ ನಮ್ಮ ಊರಿಗೆ ಅಷ್ಟು ಸಾಕಾಯಿತು. ಅವಳು ಹೋದ ದಿನ ಯಜಮಾನರು ಅವಳ ಬಟ್ಟೆ, ಪುಸ್ತಕಕ್ಕೆಲ್ಲ ಬೆಂಕಿ ಹಚ್ಚಿ, ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡು, "ಸತ್ಲು" ಅಂದರು. ತಡೆಯಲು ಹೋದ ನನ್ನ ಬಾಯಿಗೆ ಸೌದೆಯಲ್ಲಿ ಬಾರಿಸಿದರು. ಮುಂದಿನ ಹಲ್ಲುಗಳು ಅವತ್ತೇ ಹೋದವು.

ಕತ್ತಿ ಬಂದ ಮರುದಿನವೇ ನಾನು ಕೊಟ್ಟಿಗೆಯ ಹಿಂದೆ ನಿಂತು ಮಗಳಿಗೆ ಫೋನ್ ಮಾಡಿದೆ. ಕರೆಯುವುದಕ್ಕಲ್ಲ, ಬರಬೇಡ ಅನ್ನುವುದಕ್ಕೆ.

"ನಿನ್ ಕಾಲಿಗೆ ಬೀಳ್ತೀನಿ ತೇಜು, ಬರ್ಬ್ಯಾಡ. ನಿಮ್ಮಪ್ಪ ಮನುಷ್ಯ ಆಗಿ ಉಳ್ದಿಲ್ಲ."

"ಅಣ್ಣಯ್ಯನ್ ಮದ್ವೆಗೆ ತಂಗಿ ಬರೋಕೆ ಕಾರ್ಡ್ ಬೇಕೇನವ್ವ? ಒಂದ್ ಗಳ್ಗೆ ನಿಂತು, ಅಕ್ಷತೆ ಹಾಕಿ ಬತ್ತೀನಿ," ಅಂದಳು. ಅಯ್ಯೋ, ಹಟದಲ್ಲಿ ಅಪ್ಪನ ಮಗಳೇ.

ಇವರ ಕುಣಿತದ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಯಜಮಾನರು ವೀರಗಾಸೆಯಲ್ಲಿ ಹೆಸರು ಮಾಡಿದವರು. ಎಲ್ಲ ಸರ್ಕಾರಿ ಕಾರ್ಯಕ್ರಮಕ್ಕೂ ಇವರದೇ ತಂಡ. ಇವರು ಕಣ್ಣು ಕೆರಳಿಸಿ ಕತ್ತಿ ಬೀಸಿದರೆ ಮೈಕಿನವನು "ವೀರಾವೇಶದ ಗಂಡುಕಲೆ" ಎಂದು ಅರಚುವನು, ಜನ ಸೀಟಿ ಹೊಡೆಯುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡುಕಲೆಯಂತೆ, ಮಣ್ಣು!

ನನ್ನ ಅಪ್ಪ ಸುತ್ತೂರಿನ ಪಕ್ಕದ ಹಳ್ಳಿಯವರು. ಅವರು ಕುಣಿಯುತ್ತಿರಲಿಲ್ಲ, ಒಡಪು ಹೇಳುತ್ತಿದ್ದರು. ಕುಣಿತದ ನಡುವೆ ಏರುದನಿಯಲ್ಲಿ ಹೇಳುವ ವೀರಭದ್ರನ ಕತೆಗೆ ನಾವು ಒಡಪು ಅನ್ನುತ್ತೇವೆ. ಅವರ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. "ಇದು ಶೌರ್ಯದ್ ಕುಣಿತ ಅಲ್ಲ ಕಣವ್ವ, ಸಂಕಟದ್ದು," ಎಂದು ಅಪ್ಪ ಹೇಳುವರು. ದಕ್ಷ ಯಜ್ಞ ಹೂಡಿ ಲೋಕವನ್ನೆಲ್ಲ ಕರೆದ, ಹೆತ್ತ ಮಗಳನ್ನು ಬಿಟ್ಟ. ಯಾಕೆ? ಅಳಿಯ ಸ್ಮಶಾನದಲ್ಲಿರುವವನು, ಮೈಗೆ ಬೂದಿ ಬಳಿದುಕೊಂಡವನು, ಇವನ ಅಂತಸ್ತಿಗೆ ಸರಿಬರಲಿಲ್ಲ. ಮಗಳು ಕರೆಯದಿದ್ದರೂ ತವರಿನ ಆಸೆಗೆ ಬಂದಳು. ತುಂಬಿದ ಸಭೆಯಲ್ಲಿ ಅಪ್ಪ ಬೈದ. ಅವಳು ಅದೇ ಬೆಂಕಿಗೆ ಬಿದ್ದು ಸತ್ತಳು. ಆ ಸಂಕಟಕ್ಕೆ ಶಿವ ಜಡೆ ಕಿತ್ತು ನೆಲಕ್ಕೆ ಬಡಿದಾಗ ವೀರಭದ್ರ ಹುಟ್ಟಿ ದಕ್ಷನ ತಲೆ ಕಡಿದ. ಅಪ್ಪ ಈ ಕತೆ ಹೇಳುವಾಗಲೆಲ್ಲ ಅತ್ತಿದ್ದಾರೆ.

ಇನ್ನೊಂದು ಕಟ್ಟಳೆಯೂ ಇತ್ತು. ಒಡಪು ಎತ್ತಿದರೆ ಕರಡೆಯ ಬಡಿತ, ತಾಳ, ಕಾಲಿನ ಗೆಜ್ಜೆ ಎಲ್ಲ ನಿಲ್ಲಬೇಕು. ಆಗ ದೇವರು ಕುಣಿಯುವವನ ಮೈಯಿಂದ ಇಳಿದು ಹೇಳುವವನ ನಾಲಿಗೆಗೆ ಬರುತ್ತಾನೆ ಎಂದು ನಂಬಿಕೆ. ನಮ್ಮ ಯಜಮಾನರ ತಂಡ ಒಡಪು ಬಿಟ್ಟು ಎಷ್ಟೋ ವರ್ಷವಾಗಿತ್ತು. ವೇದಿಕೆಯ ಮೇಲೆ ಕೊಡುವ ಚೂರು ಹೊತ್ತಿನಲ್ಲಿ ಕತೆ ಯಾರಿಗೆ ಬೇಕು? ಕತ್ತಿ ಉಳಿಯಿತು, ಮಗಳು ಮರೆತುಹೋದಳು.

ಮದುವೆಯ ಬೆಳಿಗ್ಗೆ ನಮ್ಮಲ್ಲಿ ಗುಗ್ಗಳ ತೆಗೆಯುತ್ತೇವೆ. ನಂಜನಗೂಡಿನಲ್ಲಿ ಕಪಿಲಾ ಹೊಳೆಗೆ ಪೂಜೆ ಮಾಡಿ, ಕೆಂಡದ ಮಡಕೆಗೆ ಗುಗ್ಗಳದ ಧೂಪ ಸುರಿದು, ಮುಂದೆ ವೀರಗಾಸೆ ಕುಣಿಯುತ್ತ ಛತ್ರದವರೆಗೆ ಮೆರವಣಿಗೆ. ಮದುಮಗ ಅಮೃತೇಶ್ ಬಾಸಿಂಗ ಕಟ್ಟಿಕೊಂಡು ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದ. ಯಜಮಾನರು ತಾವೇ ಗೆಜ್ಜೆ ಕಟ್ಟಿದ್ದರು: ಕೆಂಪು ಬಟ್ಟೆ, ರುದ್ರಾಕ್ಷಿ, ತಲೆಗೆ ಬಿಳಿಯ ಚೌರಿ, ಕೈಯಲ್ಲಿ ಆ ಕತ್ತಿ. ನಾನು ಪೂಜೆಯನ್ನು ನೋಡಲಿಲ್ಲ. ಮೇಲಿನ ರಸ್ತೆಯನ್ನೇ ನೋಡುತ್ತಿದ್ದೆ.

ಬಂದಳು. ಬೈಕಿನಿಂದ ಇಳಿದು, ರವಿಯನ್ನು ಅಲ್ಲೇ ನಿಲ್ಲಿಸಿ, ತಟ್ಟೆಯಲ್ಲಿ ಅಣ್ಣನಿಗೊಂದು ಪಂಚೆ ಇಟ್ಟುಕೊಂಡು ನಗುನಗುತ್ತ ಮೆಟ್ಟಿಲಿಳಿದಳು.

ಮೊದಲು ಕಂಡವನು ನನ್ನ ಮೈದುನ ಮಹದೇವಪ್ಪ. "ಯಾವ್ ಮುಖ ಇಟ್ಕಂಡು ಬಂದ್ಯೇ, ಲೌಡಿ!" ಎಂದು ತಟ್ಟೆಗೆ ಒದ್ದ. ಪಂಚೆ ಕೆಸರಿಗೆ ಬಿತ್ತು. ಎರಡನೆಯ ಒದೆ ಅವಳ ಪಕ್ಕೆಗೆ. ರವಿ ಕೂಗುತ್ತ ಓಡಿಬಂದ. ಮಹದೇವಪ್ಪ ಗುಗ್ಗಳದ ಮಡಕೆಯನ್ನೇ ಎತ್ತಿ ಅವನ ಎದೆಗೆ ಎಸೆದ. ಕೆಂಡ ಅಂಗಿಯೊಳಗೆ ಇಳಿಯಿತು. ಸುಟ್ಟ ಚರ್ಮದ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಹುಡುಗ ಉರಿಯುತ್ತಲೇ ನದಿಗೆ ಹಾರಿದ. ಮೇಲೇಳಲು ಬಂದರೆ ಮುಖಕ್ಕೆ ಕಲ್ಲು ಬೀರಿದರು. ಬೀರಿದವರು ನಮ್ಮ ನೆಂಟರೇ, ಹಿಂದಿನ ರಾತ್ರಿ ನನ್ನ ಕೈಯಡುಗೆ ಉಂಡವರು.

"ಅಣ್ಣಯ್ಯ, ಬುಡ್ಸಣ್ಣಯ್ಯ!" ಎಂದು ತೇಜು ಅಮೃತೇಶನ ಕಾಲು ಹಿಡಿದಳು. ನಾನು ಹೆತ್ತ ಆ ಮಗ ಬಗ್ಗಿದ. ಎಬ್ಬಿಸುತ್ತಾನೆ ಅಂದುಕೊಂಡೆ. ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಕತ್ತು ಹಿಂದಕ್ಕೆ ಎಳೆದು ಹಿಡಿದ.

ಯಜಮಾನರು ಕುಣಿಯುತ್ತಲೇ ಬಂದರು. ಓಡಿಬರಲಿಲ್ಲ, ಹೆಜ್ಜೆ ತಪ್ಪಲಿಲ್ಲ. ಕರಡೆಯವರು ಆವೇಶ ಬಂದಿದೆ ಎಂದು ಇನ್ನೂ ಜೋರಾಗಿ ಬಾರಿಸಿದರು. ಜನ ಕೈಮುಗಿದು ದಾರಿ ಬಿಟ್ಟರು. ದೇವರನ್ನು ತಡೆಯುವವರು ಯಾರು?

ನನ್ನ ಬಾಯಿಂದ ಅದು ಹೇಗೆ ಬಂತೋ ಕಾಣೆ.

"ಆಹಾಹಾ ರುದ್ರ! ಆಹಾಹಾ ದೇವ!"

ಹೆಂಗಸರು ಒಡಪು ಎತ್ತಿದ್ದನ್ನು ಆ ದಡ ಕೇಳಿರಲಿಲ್ಲ. ಆದರೆ ಕರಡೆಯ ಮುದುಕ ನನ್ನ ಅಪ್ಪನ ಜೊತೆ ಬಾರಿಸಿದವನು. ಅವನ ಕೈ ತಾನಾಗಿ ನಿಂತಿತು. ತಾಳ ನಿಂತಿತು. ಯಜಮಾನರ ಕಾಲೂ ನಿಂತಿತು. ಗೆಜ್ಜೆಯ ಸದ್ದು ಅಡಗಿ ನೀರಿನ ಸದ್ದು ಕೇಳಿಸಿತು.

"ದಕ್ಷನೆಂಬ ಮದಾಂಧನು ಯಜ್ಞವ ಹೂಡಿ, ಲೋಕದವರನೆಲ್ಲ ಕರೆದು, ಹೆತ್ತ ಮಗಳ ಮರೆತು, ಕರೆಯದೆ ಬಂದ ದಾಕ್ಷಾಯಿಣಿಯ ಕಂಡು ಹೀನಾಯ ನುಡಿಯಲಾಗಿ, ಆಕೆ ಉರಿಗೆ ಬಿದ್ದು ಬೂದಿಯಾಗಲು, ಆ ಬೂದಿಯ ಸಂಕಟಕ್ಕೆ ಹುಟ್ಟಿದ ವೀರಭದ್ರನೇ! ನೀನು ಹುಟ್ಟಿದ್ದು ಯಾರ ತಲೆ ತೆಗೆಯುವುದಕ್ಕೆ? ಮಗಳದೋ, ಅಪ್ಪನದೋ?"

ಅಮೃತೇಶನ ಹಿಡಿತ ಸಡಿಲವಾಯಿತು. ಯಜಮಾನರು ಕತ್ತಿ ಇಳಿಸಿ ನನ್ನ ಕಡೆ ತಿರುಗಿದರು. ಒಂದು ಗಳಿಗೆ ನನಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ? ಈ ಮನುಷ್ಯ ಅತ್ತುಬಿಡುತ್ತಾನೆ, ಮಗಳನ್ನು ಅಪ್ಪಿಕೊಳ್ಳುತ್ತಾನೆ ಅಂದುಕೊಂಡೆ. ಆಮೇಲೆ ಕಣ್ಣು ಕಂಡಿತು. ಅದರಲ್ಲಿ ಕೆರಳಿದ ದೇವರು ಇರಲಿಲ್ಲ. ಸೌದೆ ಎತ್ತಿದ ದಿನದ ಕಣ್ಣೇ ಅದು, ತಣ್ಣಗಿತ್ತು.

"ನಾಕ್ ಜನದ್ ಮುಂದೆ ನನ್ನ ಕೇಳೋಕೆ ನೀನ್ಯಾರೇ?" ಎಂದು ಮೆಲ್ಲಗೆ ಹೇಳಿ, ನಿಂತಲ್ಲಿಂದಲೇ ತಿರುಗಿ ಮಗಳ ಕುತ್ತಿಗೆಗೆ ಕತ್ತಿ ಎತ್ತಿದರು. ನಾನು ನಡುವೆ ಬಿದ್ದೆ. ಅಲಗು ನನ್ನ ಎಡ ಹೆಗಲನ್ನು ಸೀಳಿ ಮೂಳೆಗೆ ಕಚ್ಚಿಕೊಂಡಿತು. ಕೀಳಲು ಅವರು ನನ್ನ ಎದೆಯ ಮೇಲೆ ಕಾಲಿಟ್ಟು ಜಗ್ಗಿದರು. ಎರಡನೆಯ ಏಟಿಗೆ ಮುಂಚೆ ಕರಡೆಯ ಮುದುಕ ಕರಡೆಯನ್ನೇ ಅವರ ತಲೆಗೆ ಅಪ್ಪಳಿಸಿದನಂತೆ. ಅದನ್ನು ನಾನು ನೋಡಲಿಲ್ಲ.

ಎಚ್ಚರವಾದಾಗ ಮೈಸೂರಿನ ಆಸ್ಪತ್ರೆ. ತೇಜು ನನ್ನ ಕಾಲ ಬಳಿ ಕೂತಿದ್ದಳು, ಪಕ್ಕೆಲುಬು ಮುರಿದಿತ್ತು, ಜೀವ ಇತ್ತು. ಹೊಳೆಯಿಂದ ಎತ್ತಿ ತಂದಿದ್ದ ರವಿ ಸುಟ್ಟ ಗಾಯದ ವಾರ್ಡಿನಲ್ಲಿದ್ದ. ನನ್ನ ಎಡಗೈ ಇನ್ನು ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಹೆಣ್ಣಿನ ಕಡೆಯವರು ಮದುವೆ ಮುರಿದುಕೊಂಡು ಹೋಗಿದ್ದರು, ಪುಣ್ಯವಂತರು. ಅಮೃತೇಶ್ ಬಂದು ಬಾಗಿಲಲ್ಲಿ ನಿಂತ. ತಂಗಿಯ ಮುಖ ನೋಡಲಿಲ್ಲ.

"ಅವ್ವ, ಎಸ್ಸೈ ಬಂದವ್ರೆ. ದೇವ್ರು ಮೈಮ್ಯಾಲ್ ಬಂದಿತ್ತು, ಕುಣಿಯೋವಾಗ ಕೈ ತಪ್ತು ಅಂದ್ಬುಡು. ಊರೆಲ್ಲ ಅದ್ನೇ ಏಳವ್ರೆ. ಅಪ್ಪಾಜಿ ಟೇಸನ್ನಿಂದ ಬ್ಯಾಗ ಮನೆಗ್ ಬತ್ತಾರೆ."

"ಮನೆಗ್ ಬಂದ್ ಮ್ಯಾಲೆ? ನರಸೀಪುರ ಅಲ್ಲಿಂದ ಎಷ್ಟ್ ದೂರ ಅದೆ ಏಳ್ಲಾ?"

"ದೇವ್ರ ಮ್ಯಾಲೆ ಕೇಸ್ ಆಕ್ತೀಯಾ ಅವ್ವ?" ಅಂದ.

ಎಸ್ಸೈ ಒಳಗೆ ಬಂದು ಸ್ಟೂಲು ಎಳೆದುಕೊಂಡು ಕೂತರು. ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. "ಊರಿನವರೆಲ್ಲ ಕುಣಿತದ ಆವೇಶದಲ್ಲಿ ಆಯ್ತು ಅಂತಿದ್ದಾರೆ. ಹೌದೇನಮ್ಮ?" ಎಂದು ಕೇಳಿದರು.

ಮದುವೆಯಾದಂದಿನಿಂದ ನಾನು ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗನ ಕೈಲಿ ಹೇಳಿಸುತ್ತಿದ್ದೆ.

"ಕುಣೀತಿರ್ಲಿಲ್ಲ ಸಾ," ಅಂದೆ. "ನಾನು ಒಡಪು ಎತ್ತಿದ್ದೆ. ಕರಡೆ ನಿಂತಿತ್ತು, ಗೆಜ್ಜೆ ನಿಂತಿತ್ತು, ದಡದಾಗಿದ್ದೋರೆಲ್ಲ ಕೇಳವ್ರೆ. ಒಡಪು ಎತ್ತಿದ್ ಮ್ಯಾಲೆ ದೇವ್ರು ಕುಣಿಯೋನ್ ಮೈಮ್ಯಾಲೆ ಇರಲ್ಲ. ಯಾವ ವೀರಗಾಸೆಯೋರ್ನ ಬೇಕಾದ್ರೂ ಕೇಳಿ. ನನ್ ಗಂಡ ಶಿವಮಲ್ಲಪ್ಪ, ನಿಂತ್ಕಂಡು, ನನ್ ಮಗಳ ಕುತ್ಗೆ ನೋಡ್ಕಂಡು ಒಡುದ. ಅಂಗೇ ಬರ್ಕೊಳಿ."

ಅಮೃತೇಶ್ ಬಾಗಿಲು ದೂಡಿಕೊಂಡು ಹೊರಗೆ ಹೋದ. ಎಸ್ಸೈ ಬರೆದು, ಓದಿ ಹೇಳಿ, ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ ತೆರೆದರು. ಬೇಡ ಅಂದೆ. ಬಲಗೈ ನೆಟ್ಟಗಿತ್ತು. ತೇಜು ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದಳು, ಗುರುಸಿದ್ದಮ್ಮ ಎಂದು ನಾನೇ ಸೈನು ಹಾಕಿದೆ.