ಬೇರೆ ಕೋಣೆ ಇದೆಯೇ?

"ಆರು ಮನೆಗೆ ಒಂದೇ ಕಕ್ಕಸು, ಇವಳಿಗೆ ಮಜ್ಜೆ ಕಸಿ ಬೇರೆ ಕೇಡು!" ಆಸ್ಪತ್ರೆಯ ಕೌಂಟರಿನ ಹೆಂಗಸು ಇಡೀ ಸಾಲಿಗೆ ಕೇಳುವಂತೆ ಅಂದಳು. ಬೆಂಚಿನ ಮೇಲಿದ್ದ ಅಕ್ಕ ತಲೆ ತಗ್ಗಿಸಿದಳು. ಅವಳಿಗೆ ರಕ್ತದ ಕ್ಯಾನ್ಸರು. ತಮ್ಮನ ಮೂಳೆಮಜ್ಜೆ ಅವಳಿಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು.

ತಮ್ಮನ ಮೈ ಉರಿಯಿತು. ಟೈಲ್ಸ್ ಹಾಕಿ ಕಂಡವರ ಬಚ್ಚಲುಮನೆಗಳನ್ನು ಫಳಫಳ ಹೊಳೆಯಿಸುವುದೇ ಅವನ ಕಸುಬು. ಆದರೆ ಸಿಟ್ಟಿಗಿಂತ ಅನುಮಾನವೇ ಜೋರಾಗಿತ್ತು. ಸಾಲಿನಲ್ಲಿ ತನ್ನ ಮುಂದೆ ನಿಂತಿದ್ದ ಕೋಟಿನವನನ್ನೂ ಕೌಂಟರಿನವಳು ಇದನ್ನೇ ಕೇಳಿದ್ದಳು: ಸೋಂಕು ತಾಗದಂತೆ ರೋಗಿಗೆ ಬೇರೆ ಕೋಣೆ, ಬೇರೆ ಕಕ್ಕಸು ಇದೆಯೇ? ಆತ "ಇದೆ" ಅಂದ, ಕಸಿಗೆ ತಾರೀಖು ಸಿಕ್ಕಿತು. ಯಾರೂ ಅವನ ಮನೆಗೆ ಹೋಗಿ ನೋಡಲಿಲ್ಲ. ಒಂದೇ ಕಕ್ಕಸು ಎಂದು ನಿಜ ಹೇಳಿ ನಾನೇ ಕೆಟ್ಟೆನೇ?

"ಕಸಿ ಬೇಡ ಅಂತ ಡಾಕ್ಟರು ಹೇಳಿದ್ರಾ, ಇಲ್ಲ ನೀವೇ ಹೇಳ್ತಿದ್ದೀರಾ?"

"ಮಾತ್ರೆಲೇ ಇರ್ಲಿ ಬಿಡಪ್ಪ."

"ಮಾತ್ರೆಲಿ ಎಷ್ಟು ದಿನ ಬದುಕ್ತಾಳೆ ಮೇಡಂ?"

ಕೌಂಟರಿನವಳು ಇಲ್ಲದ ಕಾಗದ ಹುಡುಕತೊಡಗಿದಳು. ಅವನಿಗೆ ಅಷ್ಟು ಸಾಕಾಯಿತು. ಅವಳ ಮುಂದಿದ್ದ ಅಕ್ಕನ ಫೈಲು ಎತ್ತಿಕೊಂಡು ಅಕ್ಕನ ಕೈ ಹಿಡಿದ.

"ಏಯ್, ಎಲ್ಲಿಗಯ್ಯಾ? ನಿನ್ನನ್ನ ಯಾರು ಒಳಗೆ ಬಿಡ್ತಾರೆ?"

ಅವನು ಅಕ್ಕನನ್ನು ಕರೆದುಕೊಂಡು ಡಾಕ್ಟರ ಬಾಗಿಲ ಕಡೆ ನಡೆದ.